ಅಡ್ಕ, ಪದವು, ಕಯ: ಪಯಸ್ವಿನಿಯ ಬದಿಯಲ್ಲಿ ನನ್ನ ಅಲೆದಾಟ

ಮೊದಲ ದಿನವೇ ತಪ್ಪು ಊರಿನಲ್ಲಿ ಇಳಿದೆ. ಹೋಗಬೇಕಿದ್ದದ್ದು ಅಡೂರಿಗೆ, ಇಳಿದದ್ದು ಆದೂರಿನಲ್ಲಿ. ಬಸ್ಸಿನ ಗದ್ದಲದಲ್ಲಿ ಕಂಡಕ್ಟರಿಗೆ ನಾನು ಹೇಳಿದ್ದು ಹಾಗೆ ಕೇಳಿಸಿರಬೇಕು. ತಪ್ಪು ಅವನದ್ದಲ್ಲ, ಎಲೆ ಅಡಿಕೆ ಬಾಯಿಯಲ್ಲಿಟ್ಟುಕೊಂಡು ಹೇಳಿದವನು ನಾನು. ಮೊಬೈಲಿನಲ್ಲಿ ಹುಡುಕಿದರೆ ಇನ್ನೂ ಚಂದ. ಅದು ಪತ್ತನಂತಿಟ್ಟ ಜಿಲ್ಲೆಯ ಅಡೂರಿಗೆ ದಾರಿ ತೋರಿಸಿತು, ನಾನೂರು ಕಿಲೋಮೀಟರಿಗೂ ಜಾಸ್ತಿ!

ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಹುಟ್ಟಿದ್ದು, ಬೆಳೆದದ್ದು, ಅಡಿಕೆ ಸುಲಿದದ್ದು ಎಲ್ಲ ಇಲ್ಲೇ. ಆದರೆ ಪಯಸ್ವಿನಿಯನ್ನು ಸೇತುವೆಯ ಮೇಲಿಂದ ನೋಡಿದ್ದು ಬಿಟ್ಟರೆ ಹತ್ತಿರ ಹೋಗಿರಲಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ ನಮ್ಮ ಜಿಲ್ಲೆಗೆ ಬರುವ ಹೊಳೆ ಇದು. ಕೆಳಗೆ ಬಾವಿಕ್ಕರದ ಹತ್ತಿರ ಇನ್ನೊಂದು ಹೊಳೆಯ ಜೊತೆ ಸೇರಿ ಚಂದ್ರಗಿರಿ ಅನ್ನಿಸಿಕೊಂಡು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಅಡೂರಿನಿಂದ ಬಾವಿಕ್ಕರದವರೆಗೆ ತುಂಡು ತುಂಡಾಗಿ ನಡೆಯಬೇಕು ಅಂದುಕೊಂಡೆ. ಜನವರಿಯಿಂದ ಮಾರ್ಚ್‌ವರೆಗೆ, ಭಾನುವಾರ ಮಾತ್ರ. ಒಬ್ಬ ಗೆಳೆಯ ಜೊತೆಗೆ ಸಿಕ್ಕಿದ. ಅವನಿಗೆ ಮಲಯಾಳ ಚೆನ್ನಾಗಿ ಬರುತ್ತದೆ, ನನಗೆ ತುಳು. ಈ ಕಣಿವೆಯಲ್ಲಿ ಎರಡೂ ಬೇಕು.

ದಾರಿ ಹುಡುಕಲು ನಾನು ನಂಬಿದ್ದು ಊರಿನ ಹೆಸರುಗಳನ್ನು. ಇದು ತಮಾಷೆಯಲ್ಲ. ನಮ್ಮ ಕಡೆಯ ಹೆಸರುಗಳೆಲ್ಲ ನೆಲದ ಗುರುತುಗಳೇ ಅಲ್ವಾ? ಅಡ್ಕ ಅಂದರೆ ಬೇಸಾಯ ಮಾಡದ ಬಯಲು. ಬದಿಯಡ್ಕ, ಕಾರಡ್ಕ, ಏತಡ್ಕ, ಪಳ್ಳತ್ತಡ್ಕ. ಪದವು ಅಂದರೆ ಗುಡ್ಡೆಯ ನೆತ್ತಿಯ ಸಪಾಟು ಜಾಗ. ಬೈಲು ಗದ್ದೆಯ ತಗ್ಗು. ಪಳ್ಳ ಅಂದರೆ ಹೊಂಡ, ನೀರು ನಿಲ್ಲುವಲ್ಲಿ. ಪಾದೆ ಕಂಡರೆ ಬಂಡೆ ಇದೆ. ಕಯ ಅಂದರೆ ಹೊಳೆಯಲ್ಲಿ ಬೇಸಿಗೆಯಲ್ಲೂ ಬತ್ತದ ಆಳದ ಗುಂಡಿ. ಮನೆಯ ಹೆಸರಿನಲ್ಲಿ ಪಾದೆ ಕೇಳಿಸಿದರೆ ಆ ತೋಟದ ಹಿಂದೆ ಏನೋ ನೋಡುವಂಥದ್ದು ಇದೆ ಅಂತ ಲೆಕ್ಕ. ಹತ್ತರಲ್ಲಿ ಏಳು ಸಲ ಸರಿಯಾಯಿತು.

ಹಾಗಾಗಿಯೇ ಬೇಡಡ್ಕವನ್ನು ಮಲಯಾಳದ ರೂಪದಲ್ಲಿ ಬೇಡಗಂ ಅಂತ ಬರೆದ ಬೋರ್ಡು ಕಂಡಾಗ ಹೊಟ್ಟೆ ಉರಿಯುತ್ತದೆ. ಕಾರಡ್ಕ ಕಾಡಗಂ ಆಗುತ್ತದೆ, ಪಿಲಿಕುಂಜೆ ಪಿಲಿಕುನ್ನು ಆಗುತ್ತದೆ. ಭಾಷೆಯ ಜಗಳ ಬೇರೆ, ಅದನ್ನು ಇಲ್ಲಿ ತೆಗೆಯುವುದಿಲ್ಲ. ನನ್ನ ತಕರಾರು ನಡೆಯುವವನದ್ದು. ಅಡ್ಕ ಹೋದರೆ ಆ ಬಯಲನ್ನು ನಾನು ಹುಡುಕುವುದು ಹೇಗೆ?

ಅಡೂರಿನ ಮಹಾಲಿಂಗೇಶ್ವರ ದೇವಸ್ಥಾನದ ಹತ್ತಿರದಿಂದ ಹೊಳೆಗೆ ಇಳಿದೆವು. ಜನವರಿಯಲ್ಲಿ ನೀರು ಮೊಣಕಾಲಿನಷ್ಟು, ಅಲ್ಲಲ್ಲಿ ಸೊಂಟದವರೆಗೆ. ಚಪ್ಪಲಿ ಕಳಚಬಾರದು ಅಂತ ಆಮೇಲೆ ಕಲಿತೆವು. ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ನೀರಿನಲ್ಲೇ ನಡೆಯುವುದು ವಾಸಿ. ಪಾಚಿ ಹಿಡಿದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಗೆಳೆಯ ಎರಡು ಸಲ ಬಿದ್ದ. ಎರಡನೇ ಸಲ ಬುತ್ತಿಯ ಜೊತೆಗೆ.

ಈ ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಂಡೆಯ ಗುಂಡಿಗಳು. ಹೊಳೆ ಅಗಲವಾಗುವ ಒಂದು ಕಡೆ ಕಪ್ಪು ಪಾದೆ ಪೂರ್ತಿ ಮೇಲೆ ಬಂದಿತ್ತು. ಅದರ ತುಂಬ ಉರುಟು ಗುಂಡಿ. ಕೆಲವು ಚಾಯದ ಗ್ಲಾಸಿನಷ್ಟು, ಕೆಲವು ಅಕ್ಕಿ ಕಡೆಯುವ ಕಲ್ಲಿನಷ್ಟು. ಒಂದಕ್ಕೆ ಕೈ ಹಾಕಿದರೆ ಮೊಣಕೈ ದಾಟಿ ಭುಜದವರೆಗೆ ಹೋಯಿತು. ಒಳಗಿನ ಗೋಡೆ ಮನೆಯ ರುಬ್ಬುವ ಕಲ್ಲಿನಷ್ಟೇ ನುಣುಪು. ತಳದಲ್ಲಿ ಕೈಗೆ ಸಿಕ್ಕಿದ್ದು ಐದು ಕಲ್ಲು, ಐದೂ ಉರುಟು, ಒಂದು ನೇರಳೆ ಹಣ್ಣಿನಷ್ಟು ಸಣ್ಣದು. ಕೆಲಸ ಮಾಡಿದ್ದು ಅವೇ. ಮಳೆಗಾಲದ ಸುಳಿ ನೀರಿನಲ್ಲಿ ಆ ಕಲ್ಲುಗಳು ಗರಗರ ತಿರುಗುತ್ತವೆ. ಬಂಡೆಯನ್ನು ಅರೆಯುತ್ತಾ ತಾವೂ ಸವೆಯುತ್ತವೆ. ಸವೆದು ಹೋದರೆ ಮುಂದಿನ ನೆರೆ ಹೊಸ ಕಲ್ಲು ತಂದು ಹಾಕುತ್ತದೆ. ಐದನ್ನೂ ವಾಪಸು ಹಾಕಿದೆ. ಒಂದನ್ನು ಜೇಬಿಗೆ ಇಳಿಸುವ ಆಸೆಯಾಗಿದ್ದು ಸುಳ್ಳಲ್ಲ.

ಮಳೆಗಾಲದಲ್ಲಿ ಈ ಪಾದೆ ಕಾಣುವುದೇ ಇಲ್ಲ. ಆಗ ಹೊಳೆಗೆ ಇಳಿಯುವುದು ಹುಚ್ಚುತನ. ಇಲ್ಲಿ ಬಿಸಿಲಿದ್ದರೂ ಸಂಪಾಜೆಯ ಮೇಲೆ ಮಳೆ ಸುರಿದರೆ ನೀರು ಏರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡೆ ಜರಿದಾಗ ಇದೇ ಹೊಳೆಯಲ್ಲಿ ಕೆಸರು, ಮರದ ದಿಮ್ಮಿ ಎಲ್ಲ ಹರಿದು ಬಂದಿತ್ತು. ಮೇಲೆ ಏನಾಗಿದೆ ಅಂತ ಕೆಳಗಿನವರಿಗೆ ಹೇಳುವುದು ನೀರಿನ ಬಣ್ಣ.

ತೋಡುಗಳ, ಅಂದರೆ ಸಣ್ಣ ಹಳ್ಳಗಳ ವಿಷಯವೂ ಹೇಳಬೇಕು. ಡಿಸೆಂಬರ್ ಹೊತ್ತಿಗೆ ಕೃಷಿಕರು ತೋಡಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಾರೆ. ಏತಡ್ಕದ ಕಟ್ಟಗಳು ಈ ಸೀಮೆಯಲ್ಲೆಲ್ಲ ಹೆಸರು ಮಾಡಿದವು. ತೋಟಕ್ಕೆ, ಬಾವಿಗೆ ಇದರಿಂದ ಉಪಕಾರ. ನಡೆಯುವವರಿಗೆ ಮಾತ್ರ ಸ್ವಲ್ಪ ಫಜೀತಿ, ಕಟ್ಟದ ಮೇಲ್ಬದಿಯಲ್ಲಿ ನೀರು ಎದೆಮಟ್ಟ ನಿಂತಿರುತ್ತದೆ. ಕಟ್ಟದ ಮೇಲೆ ಕಾಲಿಟ್ಟು ದಾಟಬೇಡಿ. ಅದು ಯಾರದ್ದೋ ವಾರಗಟ್ಟಲೆಯ ಬೆವರು. ತೋಟದ ಮನೆಯಲ್ಲಿ ಕೇಳಿದರೆ ಸುತ್ತು ದಾರಿ ತೋರಿಸುತ್ತಾರೆ, ಮಜ್ಜಿಗೆಯನ್ನೂ ಕೊಡುತ್ತಾರೆ.

ಇನ್ನು ಆನೆ. ಪರಪ್ಪ ಕಾಡಿನ ಬದಿಯಲ್ಲಿ ನಡೆದ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಗೆಳೆಯ ಥಟ್ಟನೆ ನಿಂತ. ಎದುರು ಲದ್ದಿ. ಒಣಗಿದ್ದಲ್ಲ, ಹಸಿರು ಇನ್ನೂ ಆರಿರಲಿಲ್ಲ, ನೊಣ ಆಗಷ್ಟೇ ಬರುತ್ತಿದ್ದವು. ಪಕ್ಕದ ತೋಟದಲ್ಲಿ ನಾಲ್ಕು ಬಾಳೆ ಸೀಳಿ ಬಿದ್ದಿದ್ದವು, ತಿರುಳು ಬಿಳಿಯಾಗಿಯೇ ಇತ್ತು. ಮಾತಾಡದೆ ಬಂದ ದಾರಿಯಲ್ಲೇ ತಿರುಗಿದೆವು. ದೇಲಂಪಾಡಿ, ಕಾರಡ್ಕ, ಮುಳಿಯಾರಿನವರಿಗೆ ಇದು ಸಾಹಸದ ಕಥೆಯಲ್ಲ, ದಿನದ ಬದುಕು. ಟಾರ್ಚು, ಪಟಾಕಿ ಇಟ್ಟುಕೊಂಡು ಮಲಗುವವರ ಎದುರು ನಾನು ಆನೆ ನೋಡಲು ಬಂದೆ ಅನ್ನಲು ನಾಚಿಕೆಯಾಯಿತು. ಆಮೇಲೆ ಎರಡು ಗಂಟೆಗೇ ಹೊಳೆ ಬಿಡುವುದು ಅಂತ ಮಾಡಿಕೊಂಡೆವು. ಮೀಸಲು ಅರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಲೂಬಾರದು, ನಾವು ಅಂಚಿನಲ್ಲೇ ಉಳಿದೆವು.

ಈ ಹೊಳೆಯ ನಿಜವಾದ ದೊಡ್ಡವನು ಮಾತ್ರ ಆನೆಯಲ್ಲ, ಆಮೆ. ಮಲಯಾಳದಲ್ಲಿ ಭೀಮನಾಮ ಅನ್ನುತ್ತಾರೆ. ಮೆತ್ತನೆಯ ಚಿಪ್ಪು, ಕಪ್ಪೆಯಂಥ ಮುಖ. ದೊಡ್ಡದು ಒಂದು ಮೀಟರಿನಷ್ಟು ಉದ್ದ ಬೆಳೆಯುತ್ತದೆ. ಅಳಿವಿನ ಅಂಚಿನಲ್ಲಿರುವ ಪ್ರಾಣಿ. ನಮ್ಮ ಜಿಲ್ಲೆಯ ಪ್ರಾಣಿ ಅಂತ ಇದನ್ನೇ ಆರಿಸಿದ್ದಾರೆ. ಜಿಲ್ಲೆಯ ಮರ ಕಾಸರಕ. ಕಾಸರಗೋಡು ಅನ್ನುವ ಹೆಸರೇ ಆ ಮರದಿಂದ ಬಂತು ಅನ್ನುವವರಿದ್ದಾರೆ. ಹೆಸರಿನ ವಿಷಯ ನನ್ನನ್ನು ಬಿಡುವುದೇ ಇಲ್ಲ ನೋಡಿ. ಆಮೆ ದಿನದ ಬಹುಪಾಲು ಮರಳಿನಲ್ಲಿ ಹೂತುಕೊಂಡೇ ಇರುತ್ತದೆ, ಉಸಿರಿಗೆ ಮಾತ್ರ ಮೂತಿ ಮೇಲೆತ್ತುತ್ತದೆ. ಇಲ್ಲಿ ಅದು ಮೊಟ್ಟೆ ಇಡುವುದನ್ನು ಸಂಶೋಧಕರು ದಾಖಲಿಸಿದ್ದು ಕೂಡ ಹೊಳೆಬದಿಯ ಜನರ ಸಹಾಯದಿಂದಲೇ.

ಮೂರು ಭಾನುವಾರ ಮರಳದಂಡೆಯ ಎದುರು ಸುಮ್ನೆ ಕೂತೆವು. ಮೂರನೆಯ ದಿನ ನೀರಿನ ಮೇಲೆ ಹೆಬ್ಬೆರಳಿನಷ್ಟು ಏನೋ ಎದ್ದು, ಒಂದು ಉಸಿರಿನ ಹೊತ್ತು ನಿಂತು, ಉಂಗುರ ಬಿಟ್ಟು ಮುಳುಗಿತು. ನಾನು ಆಮೆ ಅಂದೆ. ಗೆಳೆಯ ಕೋಲು ಅಂದ. ಕೋಲು ಮುಳುಗುತ್ತದಾ ಮಾರಾಯ ಅಂದರೆ, ಹಸಿ ಕೋಲು ಮುಳುಗುತ್ತದೆ ಅಂದ. ಜಗಳ ಇನ್ನೂ ಇದೆ.

ಮಾರ್ಚ್ ಕೊನೆಗೆ ಬಾವಿಕ್ಕರ ಮುಟ್ಟಿದೆವು. ಮೊದಲೆಲ್ಲ ಬೇಸಿಗೆಯಲ್ಲಿ ಉಪ್ಪುನೀರು ಇಲ್ಲಿಯವರೆಗೂ ಏರಿ, ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಉಪ್ಪೇ ಬರುತ್ತಿತ್ತು. ಮರಳಿನ ಚೀಲ ಇಟ್ಟು ತಡೆಯುತ್ತಿದ್ದರು. ಈಗ ಕಾಂಕ್ರೀಟಿನ ಶಾಶ್ವತ ತಡೆಗೋಡೆ ಬಂದಿದೆ. ನೋಡಲು ಏನೂ ಚಂದವಿಲ್ಲ, ಆದರೆ ನೀರು ಸಿಹಿ.

ಅದಕ್ಕೂ ಸ್ವಲ್ಪ ಮೇಲೆ, ಎರಡು ಬಂಡೆಯ ನಡುವೆ ಕಡು ಹಸಿರು ನೀರಿನ ಒಂದು ಕಯ ಸಿಕ್ಕಿತ್ತು. ಹೆಸರು ಕೇಳಬೇಕಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯನ್ನು ನಾನು ತುಳುವಿನಲ್ಲಿ ಕೇಳಿದೆ, ಗೆಳೆಯ ಮಲಯಾಳದಲ್ಲಿ ಕೇಳಿದ. ಅವರು ಕನ್ನಡದಲ್ಲಿ ಉತ್ತರ ಕೊಟ್ಟರು: ಎಮ್ಮೆಕಯ. ಎಮ್ಮೆ ಎಲ್ಲಿ ಅಂದೆ. ಅವರ ಅತ್ತೆಯ ಕಾಲದಲ್ಲಿ ಇದ್ದವಂತೆ. ಪುಸ್ತಕದಲ್ಲಿ ಬರೆದುಕೊಂಡೆ. ಅಜ್ಜಿ ಬಗ್ಗಿ ನೋಡಿ, ಒತ್ತಕ್ಷರ ಬಿಟ್ಟಿದ್ದನ್ನು ತೋರಿಸಿದರು.