ಬಿಂಜ್ ಈಟಿಂಗ್‌ಗೆ ಮಾತ್ರೆ: ಹಸಿವು ಸತ್ತರೂ ಊಟ ಬಿಡಬೇಡಿ

ಮದುವೆಮನೆಯಲ್ಲಿ ಎರಡು ಒಬ್ಬಟ್ಟು ಜಾಸ್ತಿ ತಿಂದರೆ ಅದು ಬಿಂಜ್ ಈಟಿಂಗ್ ಅಲ್ಲ. ಬಿಂಜ್ ಈಟಿಂಗ್ ಇರುವವರಿಗೆ ಹೊಟ್ಟೆ ಹಸಿದಿರುವುದಿಲ್ಲ, ಆದರೂ ಕೈ ನಿಲ್ಲುವುದಿಲ್ಲ. ಯಾರೂ ನೋಡದ ಹಾಗೆ, ಬೇಗಬೇಗ, ಹೊಟ್ಟೆ ನೋಯುವವರೆಗೂ ತಿನ್ನುತ್ತಾರೆ. ಆಮೇಲೆ ತಮ್ಮ ಮೇಲೇ ಅಸಹ್ಯಪಡುತ್ತಾರೆ. ಮೂರು ತಿಂಗಳ ಕಾಲ ವಾರಕ್ಕೊಮ್ಮೆಯಾದರೂ ಹೀಗಾಗುತ್ತಿದ್ದರೆ ವೈದ್ಯರು ಇದನ್ನು ಕಾಯಿಲೆ ಎಂದು ಗುರುತಿಸುತ್ತಾರೆ. ಚಿಕಿತ್ಸೆಯಲ್ಲಿ ಮೊದಲು ಬರುವುದು ಸಿಬಿಟಿ, ಅಂದರೆ ಮಾತಿನ ಮೂಲಕ ಅಭ್ಯಾಸ ತಿದ್ದುವ ವಿಧಾನ. ಕೆಲವರಿಗೆ ಔಷಧವೂ ಬೇಕಾಗುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಜನವರಿಯಲ್ಲಿ ಲಿಸ್‌ಡೆಕ್ಸಾಂಫೆಟಮಿನ್ ಎಂಬ ಔಷಧವನ್ನು ದೊಡ್ಡವರ ಬಿಂಜ್ ಈಟಿಂಗ್‌ಗೆ ಒಪ್ಪಿತು. ಇದು ಸ್ಟಿಮ್ಯುಲೆಂಟ್, ಅಂದರೆ ಮೆದುಳನ್ನು ಚುರುಕುಗೊಳಿಸುವ ಔಷಧ. ತೂಕ ಇಳಿಸಲು ಇದನ್ನು ಬಳಸಬಾರದು ಎಂದು ಅದರ ಲೇಬಲ್ಲಿನಲ್ಲೇ ಬರೆದಿದೆ. ಮೈಸೂರಿನಲ್ಲಿ ಡಯಟೀಷಿಯನ್ ಆಗಿರುವ ನನ್ನ ಹತ್ತಿರ ಹೊರದೇಶದಲ್ಲಿ ಚಿಕಿತ್ಸೆ ಶುರು ಮಾಡಿ ಊರಿಗೆ ಬಂದವರು ಬರುತ್ತಾರೆ. ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೇ ಜಾತಿಯ ಮಾತ್ರೆ ತೆಗೆದುಕೊಳ್ಳುವವರೂ ಬರುತ್ತಾರೆ. ಜಾಸ್ತಿ ಜನ ತಪ್ಪುವುದು ಮಾತ್ರೆ ನುಂಗುವುದರಲ್ಲಲ್ಲ, ಆಮೇಲಿನ ಊಟದಲ್ಲಿ.

1. ಮೊದಲು ವೈದ್ಯರಿಗೆ ಎಲ್ಲವನ್ನೂ ಹೇಳಿ

ಹೃದಯದ ತೊಂದರೆ, ಬಿಪಿ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದು, ಬೈಪೋಲಾರ್ (ಮನಸ್ಸು ಅತಿ ಹುರುಪಿಗೂ ಅತಿ ಬೇಸರಕ್ಕೂ ತೂಗುವ ಕಾಯಿಲೆ), ಕುಡಿತ ಅಥವಾ ಬೇರೆ ಚಟ, ಗರ್ಭಿಣಿಯಾಗಿದ್ದರೆ ಅದು, ಯಾವುದನ್ನೂ ಮುಚ್ಚಿಡಬೇಡಿ. ತಿಂದ ಮೇಲೆ ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ ನಾಚಿಕೆ ಬಿಟ್ಟು ಹೇಳಲೇಬೇಕು. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ಏರುಪೇರಾಗುತ್ತದೆ. ಎಂಎಒಐ ಗುಂಪಿನ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ನಿಲ್ಲಿಸಿ 14 ದಿನ ಆಗುವ ತನಕ ಈ ಔಷಧ ಮುಟ್ಟುವಂತಿಲ್ಲ.

ಅಮೆರಿಕದಲ್ಲಿರುವ ಅಕ್ಕನೋ ಭಾವನೋ ತಂದುಕೊಟ್ಟ ಡಬ್ಬಿಯಿಂದ ಶುರು ಮಾಡುವುದಂತೂ ಬೇಡವೇ ಬೇಡ. ಇದು ಚಟ ಹಿಡಿಸಬಲ್ಲ ಔಷಧ. ನಮ್ಮಲ್ಲಿ ಇದೇ ಜಾತಿಯ ಆಂಫೆಟಮಿನ್, ಮಿಥೈಲ್‌ಫೆನಿಡೇಟ್‌ನಂಥವು ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗವಿದೆ. ಅಲ್ಲಿ ತೋರಿಸಿ.

2. ಬೆಳಿಗ್ಗೆಯೇ ನುಂಗಿ

ಮಧ್ಯಾಹ್ನ ತೆಗೆದುಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ.

3. ಗಡಿಯಾರ ನೋಡಿ ಊಟ ಮಾಡಿ

ಎಲ್ಲ ಕೆಡುವುದು ಇಲ್ಲೇ. ಮಾತ್ರೆ ಕೆಲಸ ಶುರು ಮಾಡಿದ ಮೇಲೆ ಹಸಿವು ಪೂರ್ತಿ ಅಡಗುತ್ತದೆ. ಮಧ್ಯಾಹ್ನ ಅಮ್ಮ ತಟ್ಟೆ ಹಾಕಿದರೆ "ಹಸಿವೇ ಇಲ್ಲ ಕಣಮ್ಮ" ಎನ್ನುತ್ತಾರೆ. ಆಫೀಸಿಗೆ ಒಯ್ದ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ಬರುತ್ತದೆ. ಮನೆಯವರಿಗೂ ಖುಷಿ, ತೂಕ ಇಳೀತಿದೆ ಅಲ್ವಾ ಅಂತ. ಆದರೆ ರಾತ್ರಿಯ ಹೊತ್ತಿಗೆ ಔಷಧದ ಬಲ ಇಳಿಯುತ್ತದೆ. ಇಡೀ ದಿನ ಉಪವಾಸವಿದ್ದ ಮೈ ಆಗ ಒಟ್ಟಿಗೇ ಕೇಳುತ್ತದೆ. ಹತ್ತು ಗಂಟೆಗೆ ಅಡುಗೆಮನೆಯ ದೀಪ ಹತ್ತುತ್ತದೆ. ಬ್ರೆಡ್ಡು, ಬೆಲ್ಲ, ಮಿಕ್ಸ್ಚರ್, ಮಿಕ್ಕಿದ ಅನ್ನ, ಏನು ಸಿಕ್ಕಿದರೆ ಅದು. ಮರುದಿನ "ಮಾತ್ರೆ ಕೆಲಸ ಮಾಡ್ತಿಲ್ಲ, ಡೋಸ್ ಜಾಸ್ತಿ ಮಾಡಿ" ಎಂದು ವೈದ್ಯರ ಹತ್ತಿರ ಹೋಗುತ್ತಾರೆ.

ಆದ್ದರಿಂದ ಹಸಿವನ್ನು ಕೇಳಬೇಡಿ, ಗಂಟೆ ನೋಡಿ. ಮೊದಲು ತಿಂಡಿ, ಆಮೇಲೆ ಮಾತ್ರೆ. ಬರಿಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು, ನಿಜ. ಆದರೆ ನಾನು ತಿಂಡಿಯನ್ನೇ ಮುಂದಿಡಿ ಎನ್ನುತ್ತೇನೆ. ಹಸಿವು ಇನ್ನೂ ಇರುವ ಹೊತ್ತು ಅದೊಂದೇ. ಇಡ್ಲಿಯೋ ಅಕ್ಕಿರೊಟ್ಟಿಯೋ, ಹೊಟ್ಟೆ ತುಂಬುವಷ್ಟಿರಲಿ. ಹನ್ನೊಂದಕ್ಕೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ. ಮಧ್ಯಾಹ್ನ ಅರ್ಧ ಮುದ್ದೆ, ಬಸ್ಸಾರು, ಒಂದು ಹಿಡಿ ಮೊಸರನ್ನ. ಅಗಿಯಲು ಮನಸ್ಸೇ ಬಾರದಿದ್ದರೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಒಂದು ದೊಡ್ಡ ಲೋಟ ಕುಡಿಯಿರಿ, ಸುಲಭವಾಗಿ ಇಳಿಯುತ್ತದೆ. ಸಂಜೆ ಐದರದ್ದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ: ಕಡಲೆಕಾಳು ಉಸಲಿ, ಇಲ್ಲವೇ ಬೇಯಿಸಿದ ಮೊಟ್ಟೆ. ರಾತ್ರಿಯ ಬಿಂಜ್ ತಡೆಯುವುದು ಅದೇ. ಎಂಟಕ್ಕೆ ಮಾಮೂಲಿ ಊಟ.

4. ಬಿಪಿ, ನಾಡಿ ಬರೆದಿಡಿ

ಈ ಔಷಧದಿಂದ ಸಾಮಾನ್ಯವಾಗಿ ಬಿಪಿ 2ರಿಂದ 4 ಅಂಕ, ನಾಡಿ ನಿಮಿಷಕ್ಕೆ 3ರಿಂದ 6 ಬಡಿತ ಏರುತ್ತದೆ. ಕೆಲವರಿಗೆ ಇದಕ್ಕಿಂತ ತುಂಬಾ ಜಾಸ್ತಿ ಏರಬಹುದು. ಅದಕ್ಕೇ ಅಳೆಯಬೇಕು. ಮಣಿಕಟ್ಟಿಗೆ ಕಟ್ಟುವ ಮೆಷಿನ್ ಬೇಡ, ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ನೆ ಕೂತಿರಿ. ಸ್ವೆಟರ್ ಮೇಲೆ ಪಟ್ಟಿ ಸುತ್ತಿದರೆ ಲೆಕ್ಕ ತಪ್ಪುತ್ತದೆ, ಬರಿ ತೋಳಿಗೆ ಸುತ್ತಿ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದುಕೊಂಡು ವೈದ್ಯರಿಗೆ ತೋರಿಸಿ.

5. ಜೊತೆಗೆ ಏನು ಬೇಡ

ಹೊಟ್ಟೆ ಉಬ್ಬರಿಸಿತು ಎಂದು ಅಡುಗೆ ಸೋಡಾ ಕಲಸಿ ಕುಡಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಸೋಡಾ ಈ ಔಷಧವನ್ನು ಮೂತ್ರದಲ್ಲಿ ಹೊರಹೋಗಲು ಬಿಡುವುದಿಲ್ಲ. ಹಾಗಾಗಿ ಅಡ್ಡಪರಿಣಾಮ ಏರುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆಗಳಲ್ಲಿ ಬಿಪಿ ಏರಿಸುವ ಔಷಧ ಇರಬಹುದು, ಕೇಳಿಯೇ ಕೊಳ್ಳಿ. ಕೆಲವು ಖಿನ್ನತೆಯ ಮಾತ್ರೆಗಳ ಜೊತೆ, ಟ್ರಮಡಾಲ್ ಎಂಬ ನೋವಿನ ಮಾತ್ರೆಯ ಜೊತೆ ಸೆರೊಟೊನಿನ್ ಸಿಂಡ್ರೋಮ್ (ಮೈಯಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಅತಿಯಾಗಿ ಜ್ವರ, ನಡುಕ, ಗೊಂದಲ ಬರುವುದು) ಆಗುವ ಅಪಾಯವಿದೆ. ಸ್ಟ್ರಾಂಗ್ ಫಿಲ್ಟರ್ ಕಾಫಿ ದಿನಕ್ಕೆ ಒಂದೇ ಸಾಕು.

ತೂಕ ಇಳಿಸುವ ಪುಡಿ, "ಗಿಡಮೂಲಿಕೆ" ಕ್ಯಾಪ್ಸೂಲ್‌ಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧ ಹೃದಯಕ್ಕೆ ಅಪಾಯ ಎಂದು ಭಾರತ ಅದನ್ನು 2011ರಲ್ಲೇ ನಿಷೇಧಿಸಿತು. ಅಂಥ ಪುಡಿಗಳಲ್ಲಿ ಅದನ್ನೇ ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಮನೆಯಲ್ಲಿದ್ದರೆ ಇವತ್ತೇ ಬಿಸಾಕಿ.

6. ಸಣ್ಣಪುಟ್ಟ ತೊಂದರೆ

ಬಾಯಿ ಒಣಗುವುದು, ನಿದ್ದೆಗೇಡು, ಮಲಬದ್ಧತೆ, ಮೈ ನಡುಗಿದ ಹಾಗಾಗುವುದು ಮಾಮೂಲು. ನೀರು, ಸೊಪ್ಪು ಜಾಸ್ತಿ ಮಾಡಿ. ತಡೆಯಲಾಗದಿದ್ದರೆ ವೈದ್ಯರಿಗೆ ಹೇಳಿ, ಡೋಸನ್ನು ನೀವೇ ಕೂಡಿ ಕಳೆಯಬೇಡಿ. ಏಕಾಏಕಿ ಬಿಟ್ಟರೆ ಸುಸ್ತು, ಬೇಸರ ಜೋರಾಗಿ ಬರಬಹುದು.

7. ಕಾಯಬಾರದ ಹೊತ್ತು

ಎದೆನೋವು, ಉಸಿರಾಟದ ಕಷ್ಟ, ಎಚ್ಚರ ತಪ್ಪುವುದು ಆದರೆ ತಕ್ಷಣ 108ಕ್ಕೆ ಕರೆ ಮಾಡಿ. ಇಲ್ಲದ ದನಿ ಕೇಳಿಸುವುದು, ಎಲ್ಲರ ಮೇಲೂ ಅನುಮಾನ, ನಿದ್ದೆಯಿಲ್ಲದೆಯೂ ವಿಪರೀತ ಹುರುಪು, ಬೆರಳ ತುದಿ ಬಿಳಿಚಿ ಮರಗಟ್ಟುವುದು ಕಂಡರೆ ಅದೇ ದಿನ ವೈದ್ಯರನ್ನು ನೋಡಿ. ಸಾಯಬೇಕು ಅನ್ನಿಸಿದರೆ ಒಬ್ಬರೇ ಇರಬೇಡಿ, ಮನೆಯವರನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು, ಕಾಸು ಬೇಕಿಲ್ಲ.