ದೊಡ್ಡ ಸಭಾಂಗಣದಲ್ಲಿ ಮನೆಮಂದಿಗೆಲ್ಲ ಜಾದೂ: ಪ್ರದರ್ಶನ ಕಟ್ಟುವ ಬಗೆ

ಪೆಟ್ಟಿಗೆ ತೆರೆದು ಸಾಮಾನು ಹರಡಿಕೊಂಡು 'ಯಾವ ಯಾವ ಐಟಂ ಮಾಡೋಣ' ಎಂದು ಲೆಕ್ಕ ಹಾಕುವುದಕ್ಕೆ ಮುಂಚೆ ಸಭಾಂಗಣಕ್ಕೆ ಹೋಗಿ ಬನ್ನಿ. ಹೋದ ಕೂಡಲೇ ವೇದಿಕೆ ಹತ್ತಬೇಡಿ, ಕುರ್ಚಿಗಳಲ್ಲಿ ಕೂರಿ. ಮೊದಲ ಸಾಲಿನ ಎಡತುದಿ, ಅದೇ ಸಾಲಿನ ಬಲತುದಿ, ಕೊನೆಯ ಸಾಲಿನ ನಟ್ಟನಡು, ಬಾಲ್ಕನಿಯಿದ್ದರೆ ಅದರ ಮುಂದಿನ ಸಾಲು. ಈ ನಾಲ್ಕು ಜಾಗದಿಂದ ಒಂದೇ ವೇದಿಕೆ ನಾಲ್ಕು ಬಗೆಯಾಗಿ ಕಾಣುತ್ತದೆ. ಪ್ರದರ್ಶನದಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ತೀರ್ಮಾನಿಸಬೇಕಾದ್ದು ಈ ಕುರ್ಚಿಗಳೇ ಹೊರತು ನಿಮ್ಮ ಪೆಟ್ಟಿಗೆಯಲ್ಲ.

ತುದಿಯಲ್ಲಿ ಕೂತವರಿಗೆ ಎದುರುಬದಿಯ ಸೈಡ್‌ವಿಂಗ್‌ನ (ವೇದಿಕೆಯ ಪಕ್ಕದ ಮರೆಜಾಗದ) ಒಳಗೆಲ್ಲ ಕಾಣುತ್ತದೆ. ಮೇಜಿನ ಹಿಂಬದಿಗೆ ಕಟ್ಟಿದ ಚೀಲವೂ, ಪೆಟ್ಟಿಗೆಯ ಮರೆಯಲ್ಲಿ ಕಾಯುತ್ತಿರುವ ಸಹಾಯಕರೂ ಕಾಣಬಹುದು. ಬಾಲ್ಕನಿಯವರಿಗೆ ಮೇಜಿನ ಮೇಲ್ಮೈ, ಟೋಪಿಯ ಒಳಗು ಎರಡೂ ನಿಚ್ಚಳ. ನಿಮ್ಮ ಮೇಜನ್ನೇ ವೇದಿಕೆಯ ಮೇಲಿರಿಸಿ, ಒಬ್ಬರಿಂದ ಹಿಂದಕ್ಕೆ ಮುಂದಕ್ಕೆ ಸರಿಸಿಸಿ, ಹಿಂಬದಿ ಯಾವ ಕುರ್ಚಿಗೂ ಕಾಣದ ಜಾಗ ಎಲ್ಲಿದೆಯೋ ಅಲ್ಲಿ ಟೇಪು ಅಂಟಿಸಿ. ಸಾಮಾನ್ಯವಾಗಿ ಹಿಂದಕ್ಕೆ ಸರಿದಷ್ಟೂ ತುದಿಯವರ ಕಾಟ ಕಡಿಮೆ. ಹಾಗೂ ಬಗೆಹರಿಯದಿದ್ದರೆ ಆಯೋಜಕರ ಜೊತೆ ಮಾತಾಡಿ ಮೊದಲ ಎರಡು ಸಾಲುಗಳ ತುದಿಯ ಮೂರ್ನಾಲ್ಕು ಕುರ್ಚಿಗಳನ್ನು ಖಾಲಿ ಬಿಡಿಸಿ. ಬಾಲ್ಕನಿ ತುಂಬುವುದು ಖಚಿತವಾದರೆ, ಮೇಜಿನ ಗುಟ್ಟನ್ನೇ ನೆಚ್ಚಿದ ಐಟಂಗಳನ್ನು ಕೈಬಿಡುವುದೇ ಸರಿ.

ಆಮೇಲೆ ಆರು ವರ್ಷದ ಮಗುವಿನ ತಲೆಯ ಎತ್ತರಕ್ಕೆ ಕುಗ್ಗಿ ನೋಡಿ. ಸಭಾಂಗಣದ ನೆಲ ಸಮತಟ್ಟಾಗಿದ್ದು ವೇದಿಕೆಯೂ ತಗ್ಗಾಗಿದ್ದರೆ, ಮುಂದೆ ಕೂತ ದೊಡ್ಡವರ ತಲೆಗಳು ವೇದಿಕೆಯ ಕೆಳಭಾಗವನ್ನೆಲ್ಲ ಮುಚ್ಚಿಬಿಡುತ್ತವೆ. ಅಂಥಲ್ಲಿ ನೆಲದ ಮೇಲಿಟ್ಟು ತೋರಿಸುವುದು ವ್ಯರ್ಥ. ಏನೇ ನಡೆದರೂ ಎದೆಯ ಮಟ್ಟದಿಂದ ಮೇಲೆ ನಡೆಯಬೇಕು. ಹೊರಡುವ ಮುಂಚೆ ವೇದಿಕೆಯ ಅಗಲ, ಆಳ, ಎತ್ತರ, ಕೊನೆಯ ಸಾಲಿಗಿರುವ ದೂರ, ಸಾಮಾನು ಒಳಬರುವ ಬಾಗಿಲಿನ ಅಗಲ, ಪ್ಲಗ್ ಪಾಯಿಂಟ್‌ಗಳ ಜಾಗ, ಫ್ಯಾನ್ ಮತ್ತು ಎಸಿ ಗಾಳಿ ಬೀಸುವ ದಿಕ್ಕು ಎಲ್ಲವನ್ನೂ ಬರೆದುಕೊಳ್ಳಿ. ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರಾಗಿದೆಯೇ ಎಂದೂ ನೋಡಿ. ಬ್ರೇಕ್ ಇಲ್ಲದ ಚಕ್ರದ ಪೆಟ್ಟಿಗೆ ಅಂಥ ವೇದಿಕೆಯಲ್ಲಿ ತಾನಾಗಿ ಮುಂದಕ್ಕೆ ಉರುಳುತ್ತದೆ.

ಕೊನೆಯ ಸಾಲಿಗೆ ಕಾಣುವ ಗಾತ್ರ

ಮಾಮೂಲಿ ಇಸ್ಪೀಟು ಎಲೆ ಸುಮಾರು 6 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ನಾಲ್ಕೈದು ಸಾಲು ದಾಟಿದ ಮೇಲೆ ಅದು ಬರೀ ಬಿಳಿ ಚುಕ್ಕೆ. ನಾಣ್ಯ, ಉಂಗುರ, ಬೆರಳಿನ ಕವಚಗಳದ್ದೂ ಇದೇ ಕಥೆ. ನಾನೂರು ಐನೂರು ಜನರೆದುರು ರೇಷ್ಮೆ ವಸ್ತ್ರವೆಂದರೆ 60 ಅಥವಾ 90 ಸೆಂ.ಮೀ. ಚೌಕದ್ದು, ಹಗ್ಗವೆಂದರೆ ಹೆಬ್ಬೆರಳು ದಪ್ಪದ ಬಿಳಿಯದು, ಒಂದರೊಳಗೊಂದು ಸಿಕ್ಕಿಸಿ ಬಿಡಿಸುವ ಲೋಹದ ಬಳೆಗಳೆಂದರೆ 30 ಸೆಂ.ಮೀ. ವ್ಯಾಸದವು. ಹಲಗೆಯ ಮೇಲೆ ಏನಾದರೂ ಬರೆದು ತೋರಿಸುವುದಿದ್ದರೆ, 20 ಮೀಟರ್ ದೂರದವರು ಆರಾಮವಾಗಿ ಓದಲು ಅಕ್ಷರ 15 ಸೆಂ.ಮೀ. ಎತ್ತರವಿರಲಿ. ಗಾತ್ರದಷ್ಟೇ ಹಿನ್ನೆಲೆಯೂ ಮುಖ್ಯ. ಕಪ್ಪು ಪರದೆಯ ಮುಂದೆ ಕಡುನೀಲಿ ವಸ್ತ್ರ ಮಾಯವಾದರೆ ಅದನ್ನು ಮಾಯ ಮಾಡಿದ್ದು ಪರದೆಯೇ, ನೀವಲ್ಲ. ತೊಟ್ಟ ಬಟ್ಟೆಗೂ ಕೈಯಲ್ಲಿರುವ ವಸ್ತುವಿಗೂ ಬಣ್ಣ ಹೊಂದಬಾರದು.

ಒಂದು ಸುಲಭ ಪರೀಕ್ಷೆ ಇದೆ. ತಾಲೀಮನ್ನು ಕೊನೆಯ ಸಾಲಿನಿಂದ ಝೂಮ್ ಮಾಡದೆ ಮೊಬೈಲಿನಲ್ಲಿ ಚಿತ್ರೀಕರಿಸಿ. ದನಿ ಬಂದ್ ಮಾಡಿ, ಈ ಐಟಂ ಮೊದಲು ನೋಡಿರದವರಿಗೆ ತೋರಿಸಿ. ಏನಾಯಿತೆಂದು ಅವರು ಒಂದೇ ವಾಕ್ಯದಲ್ಲಿ ಹೇಳಿದರೆ ಐಟಂ ಉಳಿಯಲಿ. 'ಏನೋ ಮಾಡಿದರು' ಎಂದರೆ ತೆಗೆದುಬಿಡಿ.

ದೊಡ್ಡ ಪರದೆಗೆ ಕ್ಯಾಮೆರಾ ಜೋಡಿಸಿದರೆ ಚಿಕ್ಕ ವಸ್ತುಗಳೂ ನಡೆಯುತ್ತವೆ, ನಿಜ. ಆದರೆ ಆ ಕ್ಯಾಮೆರಾ ಇನ್ನೊಬ್ಬ ಪ್ರೇಕ್ಷಕ, ಅದೂ ಕಣ್ಣು ಮಿಟುಕಿಸದವನು. ಅದು ನಿಂತ ಕೋನದಿಂದ ಪ್ರತಿ ಕೈಚಳಕವನ್ನೂ ಮತ್ತೆ ಪರೀಕ್ಷಿಸಬೇಕು. ಕ್ಯಾಮೆರಾದವರಿಗೆ ಎಲ್ಲಿ ಹತ್ತಿರ ಹೋಗಬೇಕು, ಎಲ್ಲಿ ಹೋಗಲೇಬಾರದು ಎಂಬ ಪಟ್ಟಿ ಮೊದಲೇ ಕೊಟ್ಟಿರಬೇಕು.

ಮಗುವಿಗೂ ಅಜ್ಜಿಗೂ ಒಂದೇ ಐಟಂ

ಕುಟುಂಬದ ಪ್ರದರ್ಶನ ಎಂದ ಕೂಡಲೇ ಬರೀ ಮಕ್ಕಳಾಟ ತುಂಬಿಬಿಡುವುದು ದೊಡ್ಡ ತಪ್ಪು. ಹತ್ತು ನಿಮಿಷದಲ್ಲಿ ದೊಡ್ಡವರು ಫೋನು ಹೊರತೆಗೆಯುತ್ತಾರೆ. ಪಕ್ಕದ ದೊಡ್ಡವರಿಗೆ ಬೇಸರವಾದದ್ದು ಮಗುವಿಗೂ ತಕ್ಷಣ ತಿಳಿಯುತ್ತದೆ. ಉಲ್ಟಾ ಅಪಾಯವೂ ಇದೆ. ಮನಸ್ಸಿನಲ್ಲಿರುವುದನ್ನು ಮೊದಲೇ ಬರೆದಿಟ್ಟು ತೋರಿಸುವ ಐಟಂ ದೊಡ್ಡವರನ್ನು ಬೆರಗುಗೊಳಿಸುತ್ತದೆ, ಐದಾರು ವರ್ಷದವರಿಗೆ ಅದರಲ್ಲಿ ಏನೂ ಸೋಜಿಗ ಕಾಣುವುದಿಲ್ಲ. ಹಾಗಾಗುವ ಸಂಭವ ಎಷ್ಟು ಕಡಿಮೆ ಎಂಬ ಅಂದಾಜು ಆ ವಯಸ್ಸಿಗೆ ಇರುವುದಿಲ್ಲ. ದೊಡ್ಡವರಿಗೆ ಎಲ್ಲ ತಿಳಿದಿರುತ್ತದೆ ಎಂದೇ ಅವರು ನಂಬಿರುತ್ತಾರೆ. ಇಸ್ಪೀಟಿನ ಆಠೀನು, ಕಳಾವರ್‌ಗಳ ಪರಿಚಯವೂ ಅನೇಕ ಮಕ್ಕಳಿಗಿಲ್ಲ. ಅದೇ ಐಟಂನಲ್ಲಿ ಇಸ್ಪೀಟಿನ ಬದಲು ಪ್ರಾಣಿಗಳ ಚಿತ್ರ ಇಡಿ. ಬರಹದ ಬದಲು, ಮೊದಲಿಂದಲೂ ಎಲ್ಲರ ಕಣ್ಣೆದುರು ತೂಗುತ್ತಿದ್ದ ಚೀಲದಿಂದ ಅದೇ ಪ್ರಾಣಿಯ ಗೊಂಬೆ ಹೊರಬರಲಿ. ದೊಡ್ಡವರಿಗೆ ಒಗಟು ಹಾಗೇ ಉಳಿಯುತ್ತದೆ, ಮಗುವಿಗೆ ಗೊಂಬೆ ಸಿಕ್ಕಿದ ಖುಷಿ.

ಕ್ರಮ ಮತ್ತು ಹೊತ್ತು

ಚಿಕ್ಕ ಮಕ್ಕಳಿರುವಲ್ಲಿ ಮಧ್ಯಂತರವಿಲ್ಲದ 50 ನಿಮಿಷ ಒಳ್ಳೆಯ ಅಳತೆ. ಎಂಟು ಐಟಂ ಸಾಕು. ಮೊದಲನೆಯದು 3 ನಿಮಿಷ, ಮಾತಿಲ್ಲದೆ, ಸಂಗೀತಕ್ಕೆ, ಬಣ್ಣಬಣ್ಣವಾಗಿ. ಆಗಿನ್ನೂ ತಡವಾಗಿ ಬಂದವರು ಕುರ್ಚಿ ಹುಡುಕುತ್ತಿರುತ್ತಾರೆ, ಆದ್ದರಿಂದ ನಡುವೆ ನೋಡಿದರೂ ಅರ್ಥವಾಗುವಂಥದ್ದೇ ಇರಲಿ. ಎರಡನೆಯದು 5 ನಿಮಿಷ, ಹಗ್ಗದಂಥ ಸರಳ ವಸ್ತು ಹಿಡಿದು ಮಾತಾಡುತ್ತಾ ಪರಿಚಯ ಬೆಳೆಸುವುದಕ್ಕೆ. ಮೂರನೆಯದರಲ್ಲಿ ಮಗುವನ್ನು ಕರೆಯಬಹುದು, 7 ನಿಮಿಷ. ಅದರ ಗದ್ದಲ ಇಳಿಸಲು ನಾಲ್ಕನೆಯದು ಬಳೆಗಳಂಥ ಮೌನದ ಐಟಂ, 4 ನಿಮಿಷ. ಐದನೆಯದು ದೊಡ್ಡವರನ್ನು ಸೇರಿಸಿಕೊಂಡು ಭವಿಷ್ಯ ಹೇಳುವ ಐಟಂ, 8. ಆರನೆಯದು ಮಕ್ಕಳು 'ಹಿಂದೆ ನೋಡಿ, ಹಿಂದೆ ನೋಡಿ' ಎಂದು ಕೂಗುವ ನಗೆಯ ಐಟಂ, 6. ಏಳನೆಯದರಲ್ಲಿ ಪ್ರತಿಯೊಬ್ಬರೂ ಕೂತಲ್ಲೇ ಕೈಯಾಡಿಸಬೇಕು, 7. ಕೊನೆಯದು ದೊಡ್ಡ ಪೆಟ್ಟಿಗೆಯದು, 8. ಮಿಕ್ಕ 2 ನಿಮಿಷ ವಂದನೆಗೆ. ಕೂಗಾಟದ ಐಟಂ ಮುಗಿದ ಮೇಲೆ ಮಕ್ಕಳನ್ನು ತಣ್ಣಗಾಗಿಸುವ ದಾರಿ ನಿಮ್ಮ ಬಳಿ ಇರಲೇಬೇಕು. 'ಈಗ ಎಲ್ಲರೂ ಪಿಸುಮಾತಿನಲ್ಲಿ ಹತ್ತರಿಂದ ಒಂದರವರೆಗೆ ಎಣಿಸಿ' ಎಂದರೆ ಮಕ್ಕಳು ಸದ್ದಿಳಿಸುತ್ತಾರೆ. 'ಸುಮ್ಮನಿರಿ' ಎಂದು ಮೈಕಿನಲ್ಲಿ ಕೂಗಿದರೆ ಇನ್ನೂ ಜೋರಾಗುತ್ತಾರೆ.

ಒಂದೇ ಜಾತಿಯ ಚಮತ್ಕಾರ ಬೆನ್ನುಬೆನ್ನಿಗೆ ಬರಬಾರದು. ಮಾಯವಾಗುವುದಾದ ಮೇಲೆ ಮತ್ತೆ ಮಾಯವಾಗುವುದು ಬೇಡ, ಕತ್ತರಿಸಿ ಕೂಡಿಸಿದ್ದು ಬರಲಿ, ಇಲ್ಲವೇ ತೇಲುವುದು. ತಾಲೀಮಿನಲ್ಲಿ 50 ನಿಮಿಷ ಹಿಡಿದದ್ದು ನಗು, ಚಪ್ಪಾಳೆ, ಮಕ್ಕಳ ನಡಿಗೆ ಸೇರಿ 57ರ ಹತ್ತಿರ ಹೋಗುತ್ತದೆ. ಆದ್ದರಿಂದ ತಾಲೀಮನ್ನು 44ಕ್ಕೆ ನಿಲ್ಲಿಸಿ. ಯಾವ ಐಟಂ ಬಿಟ್ಟರೆ ಕ್ರಮ ಕೆಡುವುದಿಲ್ಲ ಎಂಬುದನ್ನೂ ಮೊದಲೇ ಗೊತ್ತುಮಾಡಿಡಿ.

ಹೊತ್ತಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1956ರ ಏಪ್ರಿಲ್‌ನ ಉದಾಹರಣೆ ಸಾಕು. ಭಾರತದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿ ಟಿ.ವಿ.ಯ ಪನೋರಮಾ ಕಾರ್ಯಕ್ರಮದ ನೇರಪ್ರಸಾರದಲ್ಲಿ ಯುವತಿಯೊಬ್ಬಳನ್ನು ಗರಗಸದಿಂದ ಕೊಯ್ಯುವ ಐಟಂ ತೋರಿಸಿದರು. ಆಕೆ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮ ಮುಗಿಯಿತು. ಹುಡುಗಿ ಸತ್ತೇಹೋದಳೆಂದು ಗಾಬರಿಬಿದ್ದ ವೀಕ್ಷಕರ ಫೋನುಗಳು ಬಿಬಿಸಿಗೆ ಒಂದೇ ಸಮ ಬಂದವು. ಸರ್ಕಾರ್ ಅವರಿಗೆ ಅದರಿಂದ ಹೆಸರು ಬಂದದ್ದೂ ನಿಜ. ಮಕ್ಕಳೆದುರು ಮಾತ್ರ ಅಂಥ ಅಂತ್ಯ ಸಲ್ಲದು. ಪೆಟ್ಟಿಗೆಯೊಳಗಿನವರು ನಗುತ್ತಾ ಹೊರಬಂದು ನಾಲ್ಕು ಹೆಜ್ಜೆ ನಡೆದು ಕೈಬೀಸುವವರೆಗೂ ದೀಪ ಆರಿಸಬಾರದು, ಪರದೆ ಎಳೆಯಬಾರದು.

ಮಕ್ಕಳನ್ನು ವೇದಿಕೆಗೆ ಕರೆಯುವಾಗ

ಇಡೀ ಪ್ರದರ್ಶನದಲ್ಲಿ ಹೆಚ್ಚು ಎಚ್ಚರ ಬೇಡುವ ಕೆಲಸ ಇದು. ಆರರಿಂದ ಹತ್ತು ವರ್ಷದವರು ಸೂಕ್ತ. ಇನ್ನೂ ಚಿಕ್ಕವರು ಬೆಳಕಿಗೆ ಬಂದೊಡನೆ ಅಳಬಹುದು, ದೊಡ್ಡವರು ಗುಟ್ಟು ಹಿಡಿಯಲು ಹವಣಿಸಬಹುದು. ಎದ್ದು ಕುಣಿದು ಕೈಬೀಸುವವರನ್ನು ಬಿಡಿ. ಕೂತಲ್ಲೇ ಕೈಯೆತ್ತಿ ನಿಮ್ಮ ಕಣ್ಣನ್ನೇ ನೋಡುತ್ತಿರುವ ಮಗು ಮಾತು ಕೇಳುತ್ತದೆ. ನಡುಸಾಲಿನ ಒಳಗಿಂದ ಕರೆಯಬೇಡಿ, ಹತ್ತು ಜನರ ಮೊಣಕಾಲು ದಾಟಿ ಬರುವಷ್ಟರಲ್ಲಿ ಸಭೆ ತಣ್ಣಗಾಗುತ್ತದೆ. ಜೊತೆಗೆ ಬಂದ ದೊಡ್ಡವರ ತಲೆಯಾಡಿಕೆ ಪಡೆದೇ ಕರೆಯಿರಿ. ಮೆಟ್ಟಿಲಿನ ಬಳಿ ಸಹಾಯಕರೊಬ್ಬರು ನಿಂತಿರಲಿ, ಮೆಟ್ಟಿಲಿನ ಅಂಚಿಗೆ ಬಿಳಿ ಟೇಪು ಇರಲಿ. ಮುಖಕ್ಕೆ ಹೊಡೆಯುವ ಬೆಳಕಿನಿಂದ ಇಳಿಯುವ ಮಗುವಿಗೆ ಕೆಳಗಿನ ಕತ್ತಲೆಯಲ್ಲಿ ಹೆಜ್ಜೆ ಕಾಣುವುದೇ ಇಲ್ಲ.

ಮಗುವನ್ನು ನಿಮ್ಮ ಪಕ್ಕದಲ್ಲಿ, ಒಂದು ಹೆಜ್ಜೆ ಮುಂದಕ್ಕೆ ನಿಲ್ಲಿಸಿ. ಹಿಂದೆ ನಿಂತರೆ ಗುಟ್ಟೆಲ್ಲ ಅದಕ್ಕೆ ಕಾಣುತ್ತದೆ, ಅದು ಕೂಗಿ ಹೇಳಿಯೂ ಬಿಡುತ್ತದೆ. ನಿಲ್ಲುವ ಜಾಗಕ್ಕೆ ನೆಲದಲ್ಲಿ ದಪ್ಪ ನಕ್ಷತ್ರ ಅಂಟಿಸಿ 'ನಕ್ಷತ್ರದ ಮೇಲೆ ನಿಲ್ಲು ಪುಟ್ಟಾ' ಎಂದರೆ ಸಾಕು. ಮಗುವಿನ ಉತ್ತರವನ್ನು ಮೈಕಿನಲ್ಲಿ ನೀವೇ ಮತ್ತೊಮ್ಮೆ ಹೇಳಿ, ಇಲ್ಲದಿದ್ದರೆ ಹಿಂದಿನವರಿಗೆ ಕೇಳಿಸದು. ಮಗುವಿನ ಹೆಸರು, ಬಟ್ಟೆ, ಮೈಕಟ್ಟು, ಮಾತಿನ ತೊದಲು ಯಾವುದೂ ನಗೆಯ ವಸ್ತುವಾಗಬಾರದು. ನಗು ಯಾವಾಗಲೂ ಜಾದೂಗಾರನ ಪಾಲಿಗೆ, ಚಪ್ಪಾಳೆ ಮಗುವಿನ ಪಾಲಿಗೆ. ಕೋಲು ಮಗುವಿನ ಕೈಯಲ್ಲಿರಲಿ, ಜಾದೂ ನಡೆದದ್ದು ಅದರಿಂದಲೇ ಎಂದು ಸಭೆಗೆ ಅನ್ನಿಸಲಿ. ಮಗು ಅತ್ತರೆ ಐಟಂ ನಿಲ್ಲಿಸಿ, ಚಪ್ಪಾಳೆ ಹೊಡೆಸಿ, ಕೈಹಿಡಿದು ಅದರ ಜಾಗಕ್ಕೆ ತಲುಪಿಸಿ ಮುಂದಿನದಕ್ಕೆ ಹೋಗಿ.

ಬೆಳಕು, ಸದ್ದು, ಗಾಳಿ

ಹಿಂದಿನಿಂದ ಬರುವ ಬೆಳಕು ಜಾದೂಗಾರನ ವೈರಿ. ತೆಳು ರೇಷ್ಮೆಯ ಒಳಗಿನ ವಸ್ತು, ಪೆಟ್ಟಿಗೆಯ ಸಂದು, ಸಣ್ಣ ದಾರ ಎಲ್ಲವನ್ನೂ ಅದು ಬಯಲು ಮಾಡುತ್ತದೆ. ಲೈಟಿನವರಿಗೆ 'ಹಿಂದಿನ ದೀಪಗಳು ಪೂರ್ತಿ ಬಂದ್, ಮುಂದಿನಿಂದ ಎರಡು ಬದಿಗೆ ಸಮನಾಗಿ' ಎಂದು ಬರೆದೇ ಕೊಡಿ. ಪೂರ್ತಿ ಕತ್ತಲೆ ಮಾಡಿದರೆ ಚಿಕ್ಕವರು ಹೆದರುತ್ತಾರೆ, ಎರಡು ಸೆಕೆಂಡಿಗಿಂತ ಹೆಚ್ಚು ಬೇಡ. ಪಟಪಟನೆ ಮಿನುಗುವ ದೀಪ ಕೆಲವರಲ್ಲಿ ಮೂರ್ಛೆ ತರಿಸಬಹುದು, ಅದನ್ನು ಬಿಟ್ಟೇಬಿಡಿ. ಹೊಗೆಯಂತ್ರವಿದ್ದರೆ ಸಭಾಂಗಣದವರನ್ನು ಮೊದಲೇ ಕೇಳಿ, ಬೆಂಕಿಯ ಅಲಾರಂ ಹೊಡೆದುಕೊಂಡರೆ ಪ್ರದರ್ಶನ ಅಲ್ಲಿಗೇ ಮುಗಿಯುತ್ತದೆ.

ಎರಡೂ ಕೈ ಬೇಕಾದ ಕೆಲಸವಾದ್ದರಿಂದ ತಲೆಗೆ ಸಿಕ್ಕಿಸುವ ಮೈಕು, ಹೊಸ ಬ್ಯಾಟರಿ, ಜೊತೆಗೆ ಸ್ಟ್ಯಾಂಡಿನ ಮೇಲೆ ಇನ್ನೊಂದು ತಂತಿಯ ಮೈಕು. ಸಂಗೀತ ಎರಡು ಸಾಧನಗಳಲ್ಲಿರಲಿ, ಎರಡೂ ಫ್ಲೈಟ್ ಮೋಡ್‌ನಲ್ಲಿರಲಿ. ಸೌಂಡ್‌ನವರ ಹಾಳೆಯಲ್ಲಿ '12ನೇ ನಿಮಿಷಕ್ಕೆ ಮೂರನೇ ಟ್ರ್ಯಾಕ್' ಎಂದು ಬರೆಯಬೇಡಿ, ಹೊತ್ತು ಖಂಡಿತ ಜಾರುತ್ತದೆ. 'ಕೆಂಪು ವಸ್ತ್ರ ತಲೆಯ ಮೇಲೆತ್ತಿದಾಗ ಮೂರನೇ ಟ್ರ್ಯಾಕ್' ಎಂದು ಬರೆಯಿರಿ. ಎಸಿಯ ಗಾಳಿ ರೇಷ್ಮೆಯನ್ನು ಸರಿಸುತ್ತದೆ, ತೇಲುವ ವಸ್ತುವನ್ನು ತೂಗಾಡಿಸುತ್ತದೆ. ಆ ಐಟಂ ಹೊತ್ತಿಗೆ ವೇದಿಕೆಯ ಕಡೆಯ ಗಾಳಿ ನಿಲ್ಲಿಸಲು ಒಬ್ಬರಿಗೆ ಹೇಳಿಟ್ಟಿರಬೇಕು.

ಆ ದಿನ

ಬಾಗಿಲು ತೆರೆಯುವ ಮೂರು ಗಂಟೆ ಮುಂಚೆ ತಲುಪಿ. ಮೊದಲ ಒಂದು ಗಂಟೆ ಸಾಮಾನು ಜೋಡಣೆಗೆ, ನಂತರದ್ದು ಸದ್ದು ಮತ್ತು ಬೆಳಕಿಗೆ, ಕೊನೆಯದು ಪೂರ್ತಿ ವೇಷದಲ್ಲಿ ತಾಲೀಮಿನ ಒಂದು ಓಟಕ್ಕೆ. ಹಳೇ ಬಟ್ಟೆಯಲ್ಲಿ ಸಲೀಸಾಗಿದ್ದ ಕೈ, ಹೊಸ ಕೋಟಿನ ಜೇಬಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಓಟ ಮುಗಿದ ಮೇಲೆ ಪ್ರತಿ ವಸ್ತುವನ್ನೂ ಮತ್ತೆ ಮೊದಲಿನಂತೆ ಸಜ್ಜುಗೊಳಿಸಬೇಕು. ಹೆಚ್ಚಿನ ಪ್ರದರ್ಶನಗಳು ಎಡವುವುದು ಇಲ್ಲೇ: ತಾಲೀಮಿನಲ್ಲಿ ಬಳಸಿದ ವಸ್ತ್ರವನ್ನು ಮತ್ತೆ ಒಳಗೆ ತುಂಬಿರುವುದಿಲ್ಲ. ಬರೆದ ಪಟ್ಟಿ ಹಿಡಿದು ಒಬ್ಬರು ಓದಲಿ, ಇನ್ನೊಬ್ಬರು ವಸ್ತುವನ್ನು ಮುಟ್ಟಿ 'ಆಯಿತು' ಎನ್ನಲಿ. ನೋಡಿ ಹೇಳಿದರೆ ಸಾಲದು, ಮುಟ್ಟಬೇಕು. ಜೇಬಿನಲ್ಲಿ 3 ನಿಮಿಷದ ಹಗ್ಗದ ಐಟಂ ಒಂದು ಸದಾ ಇರಲಿ. ಪೆಟ್ಟಿಗೆ ಕಚ್ಚಿಕೊಂಡರೆ ಸಹಾಯಕರು ಅದನ್ನು ಸರಿಪಡಿಸುವವರೆಗೆ ಪರದೆಯ ಮುಂದೆ ಈ ಐಟಂ ಮಾಡಿ.

ಕಾಗದದ ಚೂರು ಹಾರಿಸಿದ್ದರೆ ಮುಂದಿನ ಐಟಂಗೆ ಮುಂಚೆ ಗುಡಿಸಿ, ನುಣ್ಣನೆಯ ವೇದಿಕೆಯಲ್ಲಿ ಅದರ ಮೇಲೆ ಕಾಲು ಜಾರುತ್ತದೆ. ವಂದನೆ ಮುಗಿದ ಕೂಡಲೇ ಮಕ್ಕಳು ವೇದಿಕೆಗೆ ಓಡಿಬರುತ್ತಾರೆ. ಇಬ್ಬರು ಸಹಾಯಕರು ಮೆಟ್ಟಿಲಿನ ಬಳಿ ನಿಲ್ಲಲಿ, ಮೂರನೆಯವರು ಪೆಟ್ಟಿಗೆಗಳಿಗೆ ಬಟ್ಟೆ ಹೊದಿಸಿ ಮೇಜುಗಳನ್ನು ಒಳಗೆ ಸಾಗಿಸಲಿ. ನೀವು ಕೆಳಗಿಳಿದು ಮಕ್ಕಳ ಜೊತೆ ಅಲ್ಲೇ ಫೋಟೋಗೆ ನಿಲ್ಲಿ.