ಬಾರದ ಹುಳುಕನ್ನು ಎಣಿಸುವ ಕೆಲಸ

ಹಲ್ಲಿಗೆ ಫ್ಲೋರೈಡ್ ವಾರ್ನಿಶ್ (ಅಂಟಿಕೊಳ್ಳುವ ಒಂದು ಲೇಪ) ಹಚ್ಚಿದರೆ ಹುಳುಕು ಕಡಿಮೆಯಾಗುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2013ರ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕಾಯಂ ಹಲ್ಲುಗಳಲ್ಲಿ ಹುಳುಕು ಸರಾಸರಿ ಶೇ. 43ರಷ್ಟು, ಹಾಲು ಹಲ್ಲುಗಳಲ್ಲಿ ಶೇ. 37ರಷ್ಟು ಕಡಿಮೆ ಎಂದು ಹೇಳಿತು. ನಮ್ಮ ತಂಡಕ್ಕೆ ಇದ್ದ ಪ್ರಶ್ನೆ ಬೇರೆ. ವರ್ಷಕ್ಕೆ ಎರಡು ಸಲ ಹಚ್ಚಿದರೆ ಸಾಕಾ, ನಾಲ್ಕು ಸಲ ಹಚ್ಚಬೇಕಾ? ಮಕ್ಕಳ ಮೇಲೆ ಎರಡು ವರ್ಷ ನಡೆದ ಆ ಕ್ಲಿನಿಕಲ್ ಟ್ರಯಲ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಬಾಯಿ ನೋಡುವುದು, ನೋಡಿದ್ದನ್ನು ಬರೆಸುವುದು. ಕೇಳುವುದಕ್ಕೆ ಸುಲಭ, ಅಲ್ವಾ?

ಒಂದು ಗುಂಪಿಗೆ ವಾರ್ನಿಶ್ಶೇ ಬೇಡ ಅಂತ ಇಡಬಹುದಿತ್ತು. ಲೆಕ್ಕಕ್ಕೆ ಅದು ಸಲೀಸು. ಆದರೆ ಕೆಲಸ ಮಾಡುತ್ತದೆ ಎಂದು ಗೊತ್ತಿರುವ ಔಷಧವನ್ನು ಮಗುವಿಗೆ ಬೇಕೆಂದೇ ತಪ್ಪಿಸುವುದು ಸರಿಯಲ್ಲ. ಎಥಿಕ್ಸ್ ಕಮಿಟಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಎಲ್ಲ ಮಕ್ಕಳಿಗೂ ಮೂರು ತಿಂಗಳಿಗೊಮ್ಮೆ ಏನೋ ಒಂದನ್ನು ಹಚ್ಚುತ್ತಿದ್ದೆವು. ಒಂದು ಗುಂಪಿಗೆ ಪ್ರತಿ ಸಲವೂ ನಿಜವಾದ ವಾರ್ನಿಶ್. ಇನ್ನೊಂದಕ್ಕೆ ಒಂದು ಸಲ ನಿಜವಾದದ್ದು, ಮುಂದಿನ ಸಲ ಅದೇ ಬಣ್ಣ, ಅದೇ ಅಂಟು, ಅದೇ ರುಚಿಯ ಫ್ಲೋರೈಡ್ ಇಲ್ಲದ ವಾರ್ನಿಶ್. ಎಲ್ಲರಿಗೂ ಫ್ಲೋರೈಡ್ ಪೇಸ್ಟ್ ಕೊಟ್ಟಿದ್ದೆವು. ಹಚ್ಚುವವರಿಗೆ ಟ್ಯೂಬಿನ ಮೇಲಿನ ನಂಬರ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ನನಗಂತೂ ನಂಬರ್ ಕೂಡ ಗೊತ್ತಿರಲಿಲ್ಲ. ಹಚ್ಚುವ ದಿನ ನಾನು ಆ ಕಡೆ ಸುಳಿಯುವಂತೆಯೇ ಇರಲಿಲ್ಲ. ಯಾವ ಮಗುವಿಗೆ ಏನು ಸಿಕ್ಕಿದೆ ಅಂತ ಗೊತ್ತಾದರೆ ಕಣ್ಣು ತಾನಾಗಿಯೇ ಒಂದು ಕಡೆ ವಾಲುತ್ತದೆ. ಪ್ರಾಮಾಣಿಕತೆ ಎಷ್ಟಿದ್ದರೂ ಇದು ತಪ್ಪುವುದಿಲ್ಲ.

ಆರು-ಏಳು ವರ್ಷದ ಮಕ್ಕಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮೊದಲ ಕಾಯಂ ದವಡೆ ಹಲ್ಲು ಮೂಡುವುದು ಸುಮಾರು ಆರನೇ ವರ್ಷಕ್ಕೆ. ಹೊಸದಾಗಿ ಮೂಡಿದ ಹಲ್ಲು ಹುಳುಕಿಗೆ ಬೇಗ ಸಿಕ್ಕಿಬೀಳುತ್ತದೆ. ಹಾಲು ದವಡೆ ಹಲ್ಲುಗಳು ಉದುರುವುದಕ್ಕೆ ಇನ್ನೂ ಸಮಯ ಇರುತ್ತದೆ, ಹಾಗಾಗಿ ಅವೂ ಲೆಕ್ಕಕ್ಕೆ ಸಿಗುತ್ತವೆ. ಹಾಲಿನ ಮುಂಹಲ್ಲುಗಳನ್ನು ಮಾತ್ರ ಕೈಬಿಟ್ಟೆವು. ಈ ವಯಸ್ಸಿನಲ್ಲಿ ಮುಂಹಲ್ಲು ಇಲ್ಲ ಅಂದರೆ ಅದು ತಾನಾಗಿ ಬಿತ್ತೋ, ಹುಳುಕಾಗಿ ಕಿತ್ತರೋ ಹೇಳುವುದು ಕಷ್ಟ.

ಇನ್ನು ನೋಡುವ ವಿಷಯ. 1938ರಿಂದ ಬಳಕೆಯಲ್ಲಿರುವ ಡಿಎಂಎಫ್ ಸೂಚ್ಯಂಕದಲ್ಲಿ ಹುಳುಕಾದ, ಕಳೆದುಹೋದ, ತುಂಬಿಸಿದ ಹಲ್ಲುಗಳನ್ನು ಕೂಡಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಹಲ್ಲು ತೂತಾದ ಮೇಲೇ ಎಣಿಕೆ ಶುರು. ತಡೆಗಟ್ಟುವ ಸಂಶೋಧನೆಗೆ ಅಷ್ಟು ತಡವಾದರೆ ಆಗುವುದಿಲ್ಲ. ಅದಕ್ಕೇ ಹುಳುಕಿನ ಹಂತಕ್ಕೆ ತಕ್ಕಂತೆ ಸೊನ್ನೆಯಿಂದ (ಆರೋಗ್ಯ) ಆರರವರೆಗೆ ಕೋಡ್ ಇರುವ ಐಸಿಡಾಸ್ ಪದ್ಧತಿಯನ್ನು ಹಿಡಿದೆವು. ಅದರಲ್ಲಿ ಕೋಡ್ ಒಂದು ಮತ್ತು ಎರಡರ ನಡುವೆ ಇರುವುದು ಒಂದಿಷ್ಟು ಗಾಳಿ, ಅಷ್ಟೇ.

ಹಲ್ಲನ್ನು ಬ್ರಷ್ ಮಾಡಿಸಿ, ಒದ್ದೆ ಇರುವಾಗ ಒಮ್ಮೆ ನೋಡುತ್ತೇನೆ. ವಸಡಿನ ಅಂಚಿನಲ್ಲಿ ಏನೂ ಇಲ್ಲ, ಹೊಳಪಾಗಿದೆ. ಐದು ಸೆಕೆಂಡ್ ಗಾಳಿ ಊದಿದರೆ ಅದೇ ಜಾಗದಲ್ಲಿ ಸೀಮೆಸುಣ್ಣದಂಥ ಒಂದು ಬಿಳಿ ಗೆರೆ ನಿಧಾನವಾಗಿ ಮೇಲೆ ಬರುತ್ತದೆ. ಎಂಜಲು ತಾಗಿದ ಕೂಡಲೇ ಮತ್ತೆ ಮಾಯ. ಖನಿಜ ಕರಗಿದ ಹಲ್ಲಿನ ಹೊರಪದರದಲ್ಲಿ, ಅಂದರೆ ಎನಾಮೆಲ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಎನಾಮೆಲ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎನ್ನುವ ಅಳತೆ) ಸುಮಾರು 1.62, ನೀರಿನದು 1.33, ಗಾಳಿಯದು 1. ರಂಧ್ರದಲ್ಲಿ ನೀರಿದ್ದಾಗ ವ್ಯತ್ಯಾಸ ಸಣ್ಣದು, ಬೆಳಕು ಹೆಚ್ಚು ಚದುರುವುದಿಲ್ಲ. ಗಾಳಿ ತುಂಬಿದಾಗ ಚದುರಿ ಬೆಳ್ಳಗೆ ಕಾಣುತ್ತದೆ. ಒಣಗಿಸಿದ ಮೇಲಷ್ಟೇ ಕಂಡರೆ ಕೋಡ್ ಒಂದು, ಒದ್ದೆಯಲ್ಲೂ ಕಂಡರೆ ಎರಡು. ಐದರ ಬದಲು ಎರಡು ಸೆಕೆಂಡ್ ಊದಿದರೆ ಅರ್ಧ ರೋಗ ಕೈತಪ್ಪಿ ಹೋಗಬಹುದು. ಆದ್ದರಿಂದ ಪಕ್ಕದಲ್ಲಿ ಬರೆದುಕೊಳ್ಳುವವರು ಬಾಯಿಬಿಟ್ಟು ಎಣಿಸಬೇಕು ಎನ್ನುವ ನಿಯಮ ಮಾಡಿಕೊಂಡೆವು. ಚೂಪು ಸೂಜಿಯ ಪ್ರೋಬನ್ನು ತಟ್ಟೆಯಿಂದಲೇ ತೆಗೆದುಹಾಕಿದೆವು. ಬಿಳಿ ಮಚ್ಚೆಯ ಮೇಲ್ಪದರವನ್ನು ಚುಚ್ಚಿ ಮುರಿದರೆ, ವಾಸಿಯಾಗಬಹುದಾಗಿದ್ದ ಜಾಗಕ್ಕೆ ನಾವೇ ತೂತು ಮಾಡಿದಂತೆ. ತುದಿಯಲ್ಲಿ ಅರ್ಧ ಮಿಲಿಮೀಟರ್ ಗುಂಡು ಇರುವ ಪ್ರೋಬ್ ಸಾಕು, ಅದನ್ನೂ ಮೆಲ್ಲಗೆ ಸವರಬೇಕು.

ಕ್ಯಾಲಿಬ್ರೇಶನ್, ಅಂದರೆ ಪರೀಕ್ಷಕರ ಕಣ್ಣುಗಳನ್ನು ಒಂದೇ ಅಳತೆಗೆ ತರುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಪ್ರಬಂಧಗಳಲ್ಲಿ ಇದಕ್ಕೆ ಒಂದೇ ಸಾಲು ಸಿಗುತ್ತದೆ. ನಾವು ಇಬ್ಬರು ಪರೀಕ್ಷಕರು. ಒಂದೇ ಮಗುವಿನ ಬಾಯನ್ನು ಬೇರೆ ಬೇರೆಯಾಗಿ ನೋಡಿ ಹಾಳೆಗಳನ್ನು ಹೋಲಿಸುತ್ತಿದ್ದೆವು. ಶೇ. 95 ಹೊಂದಿಕೆ ಬಂದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಯೋಚಿಸಿ: ಹಲ್ಲಿನ ನೂರು ಮೇಲ್ಮೈಗಳಲ್ಲಿ 95 ಆರೋಗ್ಯವಾಗಿವೆ ಅಂದುಕೊಳ್ಳೋಣ. ಒಬ್ಬರು ಸರಿಯಾಗಿ ನೋಡಿದ್ದಾರೆ. ಇನ್ನೊಬ್ಬರು ಬಾಯಿಯ ಕಡೆ ತಿರುಗಿಯೂ ನೋಡದೆ ಎಲ್ಲಕ್ಕೂ ‘ಸೊನ್ನೆ’ ಅಂತ ಬರೆಸಿದ್ದಾರೆ. ಹೊಂದಿಕೆ ಆಗಲೂ ಶೇ. 95! ಈ ಮೋಸ ಹಿಡಿಯುವುದಕ್ಕೇ ಮನಶ್ಶಾಸ್ತ್ರಜ್ಞ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎನ್ನುವ ಅಳತೆ ಇರುವುದು. ಆಕಸ್ಮಿಕವಾಗಿ ಆಗುವ ಹೊಂದಿಕೆಯನ್ನು ಅದು ಕಳೆದುಬಿಡುತ್ತದೆ. ಮೇಲಿನ ಸೋಮಾರಿ ಪರೀಕ್ಷಕರಿಗೆ ಸಿಗುವ ಕಪ್ಪಾ ಸೊನ್ನೆ. ಪೂರ್ತಿ ಹೊಂದಿದರೆ ಒಂದು. 0.8 ದಾಟುವವರೆಗೆ ನಿಜವಾದ ಪರೀಕ್ಷೆ ಶುರು ಮಾಡುವುದಿಲ್ಲ ಎಂದು ಮೊದಲೇ ಬರೆದಿಟ್ಟಿದ್ದೆವು. ನಮ್ಮಿಬ್ಬರ ಜಗಳ ಯಾವಾಗಲೂ ಒಂದೇ ಕಡೆ: ದವಡೆ ಹಲ್ಲಿನ ಗೀರುಗಳಲ್ಲಿ. ಕಂದು ಗೆರೆ ಕಂಡರೆ ಅದು ಬರೀ ಕಲೆಯೋ, ಹುಳುಕಿನ ಆರಂಭವೋ? ಗೀರಿನ ಒಳಗೇ ಉಳಿದಿದೆಯೋ, ಅಂಚು ದಾಟಿ ಹರಡಿದೆಯೋ ಎಂದು ನೋಡಿ ತೀರ್ಮಾನಿಸುವ ಅಭ್ಯಾಸ ಮಾಡಿಕೊಂಡ ಮೇಲೆ ಜಗಳ ಕಡಿಮೆಯಾಯಿತು. ಟ್ರಯಲ್ ಮಧ್ಯದಲ್ಲೂ ಕೆಲವು ಮಕ್ಕಳನ್ನು ಮತ್ತೆ ಕರೆಸಿ, ಹಳೆಯ ಹಾಳೆ ತೋರಿಸದೆ ನೋಡಿಸುತ್ತಿದ್ದರು. ಕಣ್ಣು ಕಾಲಕ್ರಮೇಣ ಜಾರುತ್ತದೆ. ಜಾರಿದ್ದು ನಮಗೆ ಗೊತ್ತಾಗುವುದಿಲ್ಲ.

ಸಣ್ಣ ವಿಷಯ, ಆದರೆ ಉಪಯೋಗಕ್ಕೆ ಬರುವಂಥದ್ದು: ಹಲ್ಲಿನ ನಂಬರನ್ನು ‘ಹದಿನಾರು’, ‘ಇಪ್ಪತ್ತಾರು’ ಅಂತ ಕೂಗಬಾರದು. ಗಾಳಿಯ ಸದ್ದು, ಮಾಸ್ಕ್, ಮಕ್ಕಳ ಗಲಾಟೆ ಎಲ್ಲ ಸೇರಿದಾಗ ಎರಡೂ ಒಂದೇ ಥರ ಕೇಳುತ್ತವೆ. ‘ಒಂದು-ಆರು’, ‘ಎರಡು-ಆರು’ ಎಂದು ಬಿಡಿಸಿ ಹೇಳಬೇಕು (ಮೊದಲ ಅಂಕಿ ಬಾಯಿಯ ಭಾಗ, ಎರಡನೆಯದು ಆ ಭಾಗದ ಹಲ್ಲು). ಬರೆಯುವವರು ಅದನ್ನು ತಿರುಗಿ ಹೇಳಬೇಕು.

ವಸಡಿನ ಮೇಲೆ ಸಂಶೋಧನೆ ಮಾಡುವ ಗೆಳೆಯರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. 1965ರಲ್ಲಿ ವಸಡಿನ ಸಂಶೋಧಕ ಲ್ಯೋ ಮತ್ತು ಅವರ ಜೊತೆಗಾರರು 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಬಂತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ಹಲ್ಲಿನ ಮೇಲೆ ಕಟ್ಟುವ ಪಾಚಿಯೇ (ಪ್ಲಾಕ್) ಕಾರಣ ಎಂದು ಕೆಲವೇ ವಾರಗಳಲ್ಲಿ ತೋರಿಸಿದರು. ಹುಳುಕು ಹಾಗಲ್ಲ, ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಕ್ಕಳು ಶಾಲೆ ಬದಲಾಯಿಸುತ್ತಾರೆ, ಮನೆ ಬದಲಾಯಿಸುತ್ತಾರೆ, ಸುಮ್ನೆ ಬೇಜಾರಾಗಿ ಬರುವುದನ್ನೂ ಬಿಡುತ್ತಾರೆ. ತಂದೆತಾಯಿ ಸಹಿ ಹಾಕಿದ್ದರೂ ಮಗು ಬಾಯಿ ತೆರೆಯುವುದಿಲ್ಲ ಎಂದು ತಲೆಯಾಡಿಸಿದರೆ ಅಲ್ಲಿಗೆ ಮುಗಿಯಿತು. ಒತ್ತಾಯ ಇಲ್ಲ. ನೋವಿರುವ ಹಲ್ಲು ಕಂಡರೆ ಚಿಕಿತ್ಸೆಗೆ ಕಳಿಸಲೇಬೇಕು, ನಮ್ಮ ಲೆಕ್ಕ ಏನಾದರೂ ಆಗಲಿ.

ಎರಡನೇ ಸುತ್ತಿನ ಹಾಳೆಗಳನ್ನು ಮೊದಲಿನವುಗಳ ಜೊತೆ ಇಟ್ಟಾಗ ಒಂದು ವಿಚಿತ್ರ ಕಾಣುತ್ತದೆ: ಕೆಲವು ಮೇಲ್ಮೈಗಳು ‘ವಾಸಿಯಾಗಿರುತ್ತವೆ’. ಕೋಡ್ ಒಂದು ಸೊನ್ನೆಯಾದರೆ ನಂಬಬಹುದು. ಬಿಳಿ ಮಚ್ಚೆಗೆ ಖನಿಜ ಮರಳಿ ಸೇರುವುದುಂಟು, ಫ್ಲೋರೈಡ್ ಕೆಲಸವೇ ಅದು. ಆದರೆ ಕೋಡ್ ಐದು, ಅಂದರೆ ಎನಾಮೆಲ್ ಕೆಳಗಿನ ಡೆಂಟಿನ್ ಪದರ ಕಾಣುವ ತೂತು, ಸೊನ್ನೆಗೆ ಇಳಿಯಲು ಸಾಧ್ಯವೇ ಇಲ್ಲ. ಅಂಥದ್ದು ಎಷ್ಟಿದೆ ಎಂದು ನೋಡಿದರೆ ಪರೀಕ್ಷಕರ ಕೈ ಎಷ್ಟು ನೆಟ್ಟಗಿದೆ ಎಂದು ಗೊತ್ತಾಗುತ್ತದೆ. ಬೇರೆಯವರ ಪ್ರಬಂಧ ಓದುವಾಗಲೂ ನಾನು ಮೊದಲು ಹುಡುಕುವುದು ಈ ಅಂಕಿಯನ್ನೇ.

ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಒಂದು ಮಗುವಿನ ಹತ್ತು ಹಲ್ಲುಗಳನ್ನು ಹತ್ತು ಬೇರೆ ಬೇರೆ ಸಾಕ್ಷಿ ಎಂದು ಎಣಿಸುವಂತಿಲ್ಲ. ಬ್ರಷ್ ಹಿಡಿಯುವ ಕೈ ಒಂದೇ, ತಿನ್ನುವ ಸಿಹಿ ಒಂದೇ, ಎಂಜಲು ಒಂದೇ. ಹಲ್ಲುಗಳನ್ನು ಬಿಡಿಬಿಡಿಯಾಗಿ ಹಿಡಿದರೆ ಸಾಕ್ಷಿ ಇರುವುದಕ್ಕಿಂತ ಹೆಚ್ಚಿದೆ ಅನ್ನಿಸುತ್ತದೆ. ನಮ್ಮ ಅಂಕಿಅಂಶ ತಜ್ಞೆ ಮಗುವನ್ನೇ ಒಂದು ಘಟಕ ಮಾಡಿದಾಗ ನಮ್ಮ ದೊಡ್ಡ ಸಂಖ್ಯೆ ಚಿಕ್ಕದಾಯಿತು.

ಯಾವ ಮಗು ಯಾವ ಗುಂಪು ಎನ್ನುವ ಗುಟ್ಟನ್ನು ಕೊನೆಗೆ ಬಿಚ್ಚಿ ನೋಡಿದಾಗ ನಾಲ್ಕು ಸಲದ ಗುಂಪಿನಲ್ಲಿ ಹೊಸ ಹುಳುಕು ಸ್ವಲ್ಪ ಕಡಿಮೆ ಇತ್ತು, ಆದರೆ ಆಕಸ್ಮಿಕ ಅಲ್ಲ ಎಂದು ಹೇಳುವಷ್ಟಿಲ್ಲ. ಮಧ್ಯದಲ್ಲಿ ಬಿಟ್ಟುಹೋದ ಮಕ್ಕಳಿಂದಾಗಿ ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಅಗಲವಾಗಿತ್ತು. ‘ಎರಡೂ ಸಮ’ ಎಂದು ಬರೆದುಬಿಡೋಣ ಎಂದು ತಂಡದಲ್ಲೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ವ್ಯತ್ಯಾಸ ಕಾಣಲಿಲ್ಲ ಎನ್ನುವುದೇ ಬೇರೆ, ವ್ಯತ್ಯಾಸ ಇಲ್ಲ ಎನ್ನುವುದೇ ಬೇರೆ. ವಿಶ್ವಾಸಾಂತರವನ್ನು ಇದ್ದ ಹಾಗೆಯೇ ಕೊಟ್ಟೆವು, ಪರೀಕ್ಷಕರ ಕಪ್ಪಾವನ್ನು ದವಡೆ ಗೀರುಗಳಿಗೆ ಬೇರೆಯಾಗಿ, ಉಳಿದ ಮೇಲ್ಮೈಗಳಿಗೆ ಬೇರೆಯಾಗಿ ಕೊಟ್ಟೆವು. ಗೀರುಗಳ ಕಪ್ಪಾ ಕಡಿಮೆಯೇ ಇತ್ತು.